‘ಬ್ಲೂಮ್‌ಫೀಲ್ಡ್ ಥರ ಆಗಬಹುದು’ ಅಂದರೆ ಹೊಗಳಿಕೆಯಾ?

ಪ್ರಶ್ನೆ: ನಾವು ಹಾಸನದ ಕಡೆಯವರು. ಹನ್ನೆರಡು ವರ್ಷದಿಂದ ಇಂಗ್ಲೆಂಡಿನಲ್ಲಿದ್ದೇವೆ. ಮಗನಿಗೆ ಈಗ 15. ಇಲ್ಲಿನ ಕೆಳ ಲೀಗಿನ ಒಂದು ಫುಟ್‌ಬಾಲ್ ಕ್ಲಬ್ಬಿನ ಅಕಾಡೆಮಿಯಲ್ಲಿ ಮಿಡ್‌ಫೀಲ್ಡರ್. ಮೊನ್ನೆ ಅವನ ಕೋಚ್, "ಪ್ರೀಮಿಯರ್ ಲೀಗ್ ಬಗ್ಗೆ ನಾನು ಮಾತು ಕೊಡಲ್ಲ. ಆದರೆ ಮ್ಯಾಟ್ ಬ್ಲೂಮ್‌ಫೀಲ್ಡ್ ಥರ ಆಗಬಹುದು" ಅಂದರು. ಯಾರು ಅಂತ ಹುಡುಕಿ ನೋಡಿದೆ. ಒಂದೇ ಸಣ್ಣ ಕ್ಲಬ್ಬಿಗೆ 558 ಪಂದ್ಯ. ಪ್ರೀಮಿಯರ್ ಲೀಗಿನಲ್ಲಿ ಒಂದೂ ಇಲ್ಲ. ಇದು ಹೊಗಳಿಕೆಯಾ, ಸಮಾಧಾನದ ಮಾತಾ? ಆ ಬದುಕು ಹೇಗಿರುತ್ತದೆ? ಅದರಲ್ಲಿ ಸಂಸಾರ ನಡೆಯುತ್ತಾ?

ಉತ್ತರ: ಹೊಗಳಿಕೆ. ಅದೂ ಸಣ್ಣ ಹೊಗಳಿಕೆಯಲ್ಲ. ಆ ಕೋಚ್ ಯಾರೋ ಗೊತ್ತಿಲ್ಲ, ಆದರೆ ಹದಿನೈದರ ಹುಡುಗನ ಅಪ್ಪನಿಗೆ ಇಷ್ಟು ನೇರವಾಗಿ ಮಾತಾಡುವವರು ಕಡಿಮೆ. ಹೆಚ್ಚಿನವರು ಜೇಮಿ ವಾರ್ಡಿ ಹೆಸರು ಹೇಳುತ್ತಾರೆ. ಲೀಗಿನ ಹೊರಗಿದ್ದ ಫ್ಲೀಟ್‌ವುಡ್‌ನಿಂದ 2012ರಲ್ಲಿ ಲೆಸ್ಟರ್‌ಗೆ ಹೋಗಿ, ನಾಲ್ಕು ವರ್ಷಕ್ಕೆ ಪ್ರೀಮಿಯರ್ ಲೀಗ್ ಗೆದ್ದವನು. ಕೇಳೋಕೆ ಚೆಂದ. ಆದರೆ ವಾರ್ಡಿ ಲಾಟರಿ ಹೊಡೆದವನು. ಬ್ಲೂಮ್‌ಫೀಲ್ಡ್ ಹಾಗಲ್ಲ, ದಿನಾ ಕೆಲಸಕ್ಕೆ ಹೋದವನು. ಮಗನ ಮುಂದಿನ ದಾರಿ ಯೋಚಿಸುವಾಗ ಎರಡನೆಯವನ ಕಥೆಯೇ ಉಪಯೋಗಕ್ಕೆ ಬರುತ್ತದೆ.

ಮೊದಲು ಕಥೆ ಹೇಳಿಬಿಡುತ್ತೇನೆ. ಬ್ಲೂಮ್‌ಫೀಲ್ಡ್ ಹುಟ್ಟಿದ್ದು 1984ರಲ್ಲಿ, ಸಫೋಕ್‌ನ ಫೆಲಿಕ್ಸ್‌ಸ್ಟೋ ಎಂಬ ಬಂದರು ಊರಲ್ಲಿ. ಹತ್ತಿರದ ದೊಡ್ಡ ಕ್ಲಬ್ಬು ಇಪ್ಸ್‌ವಿಚ್ ಟೌನ್. ಅಲ್ಲೇ ಕಲಿತ. ಅವನು ಮೇಲೆ ಬರುವ ಹೊತ್ತಿಗೆ ಕ್ಲಬ್ಬಿನ ಗ್ರಹಚಾರ ಕೆಟ್ಟಿತ್ತು. ಇಂಗ್ಲೆಂಡಿನ ಲೀಗಿಗೆ ನಾಲ್ಕು ಹಂತ, ಋತುವಿನ ಕೊನೆಗೆ ಕಡೆಯಲ್ಲಿರುವ ತಂಡಗಳು ಒಂದು ಹಂತ ಕೆಳಗೆ ಬೀಳುತ್ತವೆ, ಮುಂದಿರುವವು ಒಂದು ಹಂತ ಮೇಲೆ ಹೋಗುತ್ತವೆ. ಇಪ್ಸ್‌ವಿಚ್ 2002ರಲ್ಲಿ ಎಲ್ಲಕ್ಕಿಂತ ಮೇಲಿನ ಹಂತವಾದ ಪ್ರೀಮಿಯರ್ ಲೀಗಿನಿಂದ ಕೆಳಗೆ ಬಿತ್ತು. ಅದೇ ವರ್ಷ ಐಟಿವಿ ಡಿಜಿಟಲ್ ಅನ್ನುವ ಟಿವಿ ಕಂಪನಿ ಮುಳುಗಿತು. ಕೆಳಗಿನ ಮೂರು ಹಂತದ ಕ್ಲಬ್ಬುಗಳಿಗೆ ಅದು 31.5 ಕೋಟಿ ಪೌಂಡ್ ಒಪ್ಪಂದ ಮಾಡಿಕೊಂಡಿತ್ತು, ಅರ್ಧಕ್ಕಿಂತ ಜಾಸ್ತಿ ಬಾಕಿ ಉಳಿಸಿ ಹೋಯಿತು. ಬರದ ದುಡ್ಡನ್ನು ನಂಬಿ ಖರ್ಚು ಮಾಡಿದ್ದ ಕ್ಲಬ್ಬುಗಳು ಸಾಲು ಸಾಲಾಗಿ ಕಷ್ಟಕ್ಕೆ ಬಿದ್ದವು. ಇಪ್ಸ್‌ವಿಚ್ 2003ರ ಆರಂಭದಲ್ಲಿ ಆಡಳಿತಾಧಿಕಾರಿಗಳ ಕೈಗೆ ಹೋಯಿತು. ಬ್ಲೂಮ್‌ಫೀಲ್ಡ್‌ಗೆ ಅಲ್ಲಿ ಸಿಕ್ಕಿದ್ದು ಒಂದೇ ಒಂದು ಮೊದಲ ತಂಡದ ಪಂದ್ಯ, ಲೀಗ್ ಕಪ್‌ನಲ್ಲಿ. 2003ರ ಡಿಸೆಂಬರ್‌ನಲ್ಲಿ, ಇನ್ನೂ 20 ತುಂಬದವನು, ವಿಕಂಬ್ ವಾಂಡರರ್ಸ್‌ಗೆ ಪುಕ್ಕಟೆ ಹೋದ. ಪುಕ್ಕಟೆ ಅಂದರೆ ವಿಕಂಬ್ ಅವನಿಗಾಗಿ ಇಪ್ಸ್‌ವಿಚ್‌ಗೆ ಒಂದು ಪೌಂಡೂ ಕೊಡಲಿಲ್ಲ.

ಅಲ್ಲಿಂದ ಅವನು ಇನ್ನೆಲ್ಲೂ ಹೋಗಿ ಆಡಲಿಲ್ಲ. 18 ವರ್ಷ.

ವಿಕಂಬ್ ಎಂಥ ಜಾಗ ಅಂತ ನಿಮಗೆ ಗೊತ್ತಿರಬಹುದು, ಓದುವ ಬೇರೆಯವರಿಗಾಗಿ ಹೇಳುತ್ತೇನೆ. ಲಂಡನ್ನಿನ ವಾಯವ್ಯಕ್ಕೆ ಚಿಲ್ಟರ್ನ್ ಗುಡ್ಡಗಳ ನಡುವಿನ ಹೈ ವಿಕಂಬ್ ಊರು. ಒಂದು ಕಾಲದಲ್ಲಿ ಕುರ್ಚಿ ಮಾಡೋದೇ ಊರ ಕಸುಬು. ಹಾಗಾಗಿ ತಂಡದ ಅಡ್ಡಹೆಸರು ‘ಚೇರ್‌ಬಾಯ್ಸ್’, ಕುರ್ಚಿ ಹುಡುಗರು. ಆಡಮ್ಸ್ ಪಾರ್ಕ್ ಸ್ಟೇಡಿಯಂ ಇರುವುದು ಗೋಡೌನು, ಗ್ಯಾರೇಜುಗಳ ಸಾಲಿನ ತುತ್ತತುದಿಯಲ್ಲಿ. ನಾನು ಮೊದಲ ಸಲ ಹೋದಾಗ ದಾರಿ ತಪ್ಪಿದೆ ಅಂದುಕೊಂಡು ಒಂದು ಟೈರ್ ಅಂಗಡಿ ಮುಂದೆ ನಿಂತು ವಿಚಾರಿಸಿದ್ದೆ. "ಹಿಂಗೇ ಹೋಗ್ತಾ ಇರಿ, ರಸ್ತೆ ಮುಗಿಯುತ್ತಲ್ಲ, ಅಲ್ಲೇ" ಅಂದರು. ನಿಜ, ರಸ್ತೆ ಮುಗಿದಲ್ಲಿ ಸ್ಟೇಡಿಯಂ, ಹಿಂದೆ ಕಾಡು. ಪಂದ್ಯ ನಡೆಯುತ್ತಿದ್ದಾಗ ಮೇಲೆ ಕೆಂಪು ಹದ್ದುಗಳು ಸುತ್ತು ಹಾಕುತ್ತಿದ್ದವು. ಇಂಗ್ಲೆಂಡಿನಲ್ಲಿ ನಿರ್ನಾಮವಾಗಿದ್ದ ಈ ಹದ್ದನ್ನು 1989ರಿಂದ ಈ ಗುಡ್ಡಗಳಲ್ಲಿ ಮತ್ತೆ ತಂದು ಬಿಟ್ಟರು. ಈಗ ಬೇಕಾದಷ್ಟು. ಸ್ಟೇಡಿಯಂನಲ್ಲಿ ಸುಮಾರು 10 ಸಾವಿರ ಜನ ಹಿಡಿಸುತ್ತಾರೆ, ಸಾಧಾರಣ ದಿನ ಪೂರ್ತಿ ತುಂಬುವುದಿಲ್ಲ.

ಈ 18 ವರ್ಷದಲ್ಲಿ ಕ್ಲಬ್ಬು ನಾಲ್ಕು ಸಲ ಕೆಳಗೆ ಬಿತ್ತು: 2004, 2010, 2012, 2021. ನಾಲ್ಕು ಸಲ ಮೇಲೆ ಹೋಯಿತು: 2009, 2011, 2018, 2020. ಹಾವು ಏಣಿ ಆಟ ಅಂದರೆ ಇದೇ ನೋಡಿ. ಬಿದ್ದಾಗೆಲ್ಲ ಕ್ಲಬ್ಬಿನ ವರಮಾನ ಇಳಿಯುತ್ತದೆ. ಆಟಗಾರರ ಕರಾರಿನಲ್ಲೂ ಎಷ್ಟೋ ಸಲ ‘ತಂಡ ಕೆಳಗೆ ಹೋದರೆ ಸಂಬಳ ಇಷ್ಟು ಕಡಿತ’ ಅಂತ ಒಂದು ಸಾಲು ಇರುತ್ತದೆ. ಆ ಸಾಲನ್ನು ಮಾತ್ರ ಮರೆಯದೆ ಓದಿ, ಮುಂದೆ ನಿಮ್ಮ ಮಗ ಯಾವುದಕ್ಕಾದರೂ ಸಹಿ ಹಾಕುವ ದಿನ ಬಂದರೆ.

ಈಗ ನನ್ನ ಮುಖ್ಯ ಮಾತು. ಕೆಳ ಲೀಗಿನ ವೃತ್ತಿಯನ್ನು ನಾವು ಏಣಿ ಅಂದುಕೊಳ್ಳುತ್ತೇವೆ: ಇವತ್ತು ನಾಲ್ಕನೇ ಹಂತ, ನಾಳೆ ಮೂರು, ನಾಡಿದ್ದು ಎರಡು. ಆಡುವವರ ಲೆಕ್ಕ ಬೇರೆ. ಅವರ ಲೆಕ್ಕ ಮೇ ತಿಂಗಳದ್ದು. ಋತು ಮುಗಿದ ಕೂಡಲೇ ಪ್ರತಿ ಕ್ಲಬ್ಬು ಒಂದು ಪಟ್ಟಿ ಹೊರಡಿಸುತ್ತದೆ. ಯಾರನ್ನು ಉಳಿಸಿಕೊಂಡಿದ್ದೇವೆ, ಯಾರನ್ನು ಬಿಟ್ಟಿದ್ದೇವೆ, ಯಾರ ಜೊತೆ ಮಾತುಕತೆ ನಡೀತಿದೆ. ಕರಾರುಗಳು ಜೂನ್ 30ಕ್ಕೆ ಮುಗಿಯುತ್ತವೆ. ಈ ಹಂತದಲ್ಲಿ ಬಹಳ ಜನರ ಕರಾರು ಒಂದು ವರ್ಷದ್ದು, ಹೆಚ್ಚೆಂದರೆ ಎರಡು. ಮನೆ ಬಾಡಿಗೆ, ಮಗುವಿನ ಸ್ಕೂಲು, ಹೆಂಡತಿಯ ಕೆಲಸ, ಎಲ್ಲ ಆ ಪಟ್ಟಿಯ ಮೇಲೆ ನಿಂತಿರುತ್ತದೆ. ಬ್ಲೂಮ್‌ಫೀಲ್ಡ್‌ನ ಸಾಧನೆ 558 ಪಂದ್ಯ ಅಲ್ಲ ಅಂತ ನಾನು ಯಾವಾಗಲೂ ಹೇಳೋದು. ಅಷ್ಟು ವರ್ಷದ ಆ ಪಟ್ಟಿಗಳಲ್ಲಿ ‘ಬಿಟ್ಟವರು’ ಅನ್ನುವ ಕಡೆಗೆ ಅವನ ಹೆಸರು ಬರಲಿಲ್ಲ, ಅದು ಸಾಧನೆ.

ಅದು ಸುಮ್ನೆ ಆಗುವುದಿಲ್ಲ. ಅವನು ಕಂಡ ಮ್ಯಾನೇಜರ್‌ಗಳನ್ನು ನೋಡಿ. ಕರೆತಂದವನು ಟೋನಿ ಆಡಮ್ಸ್, ಆರ್ಸೆನಲ್‌ನ ಹಳೆಯ ನಾಯಕ, ಮ್ಯಾನೇಜರ್ ಆಗಿ ಅವನಿಗೆ ಅದು ಮೊದಲ ಕೆಲಸ. ವರ್ಷಕ್ಕೆಲ್ಲ ಹೋದ. ಆಮೇಲೆ ಜಾನ್ ಗೋರ್ಮನ್. ಆಮೇಲೆ ಪಾಲ್ ಲ್ಯಾಂಬರ್ಟ್, 1997ರಲ್ಲಿ ಡಾರ್ಟ್‌ಮಂಡ್ ಪರ ಚಾಂಪಿಯನ್ಸ್ ಲೀಗ್ ಗೆದ್ದ ಮಿಡ್‌ಫೀಲ್ಡರ್. ಮಿಡ್‌ಫೀಲ್ಡರ್‌ನನ್ನು ಅಳೆಯೋಕೆ ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಲ್ಯಾಂಬರ್ಟ್ ಕಾಲದಲ್ಲೇ, 2007ರ ಜನವರಿಯಲ್ಲಿ, ನಾಲ್ಕನೇ ಹಂತದ ವಿಕಂಬ್ ಲೀಗ್ ಕಪ್ ಸೆಮಿಫೈನಲ್ ಮುಟ್ಟಿ ಮನೆಯಲ್ಲಿ ಚೆಲ್ಸಿಯನ್ನು 1-1ಕ್ಕೆ ಹಿಡಿದು ನಿಲ್ಲಿಸಿತು. ಚೆಲ್ಸಿಯ ಮನೆಯಲ್ಲಿ ನಡೆದ ಎರಡನೇ ಪಂದ್ಯದಲ್ಲಿ ನಾಲ್ಕು ಗೋಲು ತಿಂದಿತು, ಅದು ಬೇರೆ ಮಾತು. ಆಮೇಲೆ ಪೀಟರ್ ಟೇಲರ್, ಆಮೇಲೆ ಗ್ಯಾರಿ ವಾಡಕ್, 2012ರಿಂದ ಗ್ಯಾರೆತ್ ಐನ್ಸ್‌ವರ್ತ್.

ಆರು ಮ್ಯಾನೇಜರ್. ಹೊಸ ಮ್ಯಾನೇಜರ್ ಬಂದ ಅಂದರೆ ಮನೆಗೆ ಹೊಸ ಯಜಮಾನ ಬಂದ ಹಾಗೆ, ತನ್ನ ನಂಬಿಕೆಯ ಜನರನ್ನು ಜೊತೆಗೇ ಕರೆತರುತ್ತಾನೆ. ಅವರಲ್ಲಿ ಮೊದಲಿಗ ಸಾಮಾನ್ಯವಾಗಿ ಮಿಡ್‌ಫೀಲ್ಡರ್. ಯಾಕೆಂದರೆ ಮ್ಯಾನೇಜರ್‌ನ ತಲೆಯಲ್ಲಿರುವುದನ್ನು ಮೈದಾನದಲ್ಲಿ ಹೇಳುವವನು ಅವನೇ. ಗೋರ್ಮನ್‌ಗೆ ನೆಲದ ಮೇಲೆ ಪಾಸ್ ಆಡುವ ಆಟ ಬೇಕಿತ್ತು. ಐನ್ಸ್‌ವರ್ತ್‌ಗೆ ಬೇಕಿದ್ದದ್ದು ಅದರ ತದ್ವಿರುದ್ಧ, ಎತ್ತರದ ಚೆಂಡು, ಎದುರಾಳಿಯ ಮೇಲೆ ಮುಗಿಬೀಳುವುದು. ಎರಡಕ್ಕೂ ಒಗ್ಗಿಕೊಂಡವನು ಉಳಿದ.

ಐನ್ಸ್‌ವರ್ತ್ ಕಾಲದ ಆಟವನ್ನು ಸ್ವಲ್ಪ ಹತ್ತಿರದಿಂದ ತೋರಿಸುತ್ತೇನೆ, ಯಾಕೆಂದರೆ ನಿಮ್ಮ ಮಗನ ಕೆಲಸ ಇದೇ ಆಗಬಹುದು. ಗೋಲಿ ಚೆಂಡನ್ನು ಉದ್ದಕ್ಕೆ ಒದೆಯುತ್ತಾನೆ. ಆ ಕಡೆ ವಿಕಂಬ್‌ನ ಸ್ಟ್ರೈಕರ್ ಅಡೆಬಾಯೊ ಅಕಿನ್‌ಫೆನ್ವಾ ಎದುರಾಳಿಯ ಗೋಲಿನ ಕಡೆಗೆ ಬೆನ್ನು ಹಾಕಿ ನಿಂತಿದ್ದಾನೆ. ನೂರು ಕಿಲೋ ದಾಟಿದ ಆಳು, ಅವನನ್ನು ಅಲ್ಲಾಡಿಸೋಕೆ ಆಗಲ್ಲ. ಚೆಂಡು ಅವನ ಎದೆಗೋ ತಲೆಗೋ ತಾಗಿ ಎಲ್ಲೋ ಬೀಳುತ್ತದೆ. ಇದಕ್ಕೆ ‘ಸೆಕೆಂಡ್ ಬಾಲ್’ ಅನ್ನುತ್ತಾರೆ. ಎಲ್ಲಿ ಬೀಳುತ್ತದೆ ಅಂತ ನೋಡಿ ಓಡಿದರೆ ಆಗಲೇ ತಡ. ಅಕಿನ್‌ಫೆನ್ವಾನ ಭುಜ ಯಾವ ಕಡೆ ತಿರುಗಿದೆ, ಅವನ ಹಿಂದಿರುವ ಡಿಫೆಂಡರ್ ಯಾವ ಕಾಲಿನ ಮೇಲೆ ಭಾರ ಹಾಕಿದ್ದಾನೆ, ಗಾಳಿ ಯಾವ ಕಡೆ, ಇಷ್ಟು ನೋಡಿಕೊಂಡು ಚೆಂಡು ಇನ್ನೂ ಆಕಾಶದಲ್ಲಿರುವಾಗಲೇ ಓಟ ಶುರುವಾಗಿರಬೇಕು. ಅಂದಾಜು ತಪ್ಪಿತೋ, ನಲವತ್ತು ಮೀಟರ್ ವಾಪಸ್ ಓಡು. ಸರಿಯಾಯಿತೋ, ಚೆಂಡು ತಗೊಂಡು ಬದಿಯಲ್ಲಿರುವ ವಿಂಗರ್‌ಗೆ ಕೊಡು. ಕೈ ತಟ್ಟೋದು ವಿಂಗರ್‌ಗೆ. ಹೈಲೈಟ್ಸ್ ಶುರುವಾಗೋದೂ ಅಲ್ಲಿಂದಲೇ. ಒಂದು ಪಂದ್ಯದಲ್ಲಿ ಹೀಗೆ ಮತ್ತೆ ಮತ್ತೆ, ಋತುವಿಗೆ ಲೀಗಿನದ್ದೇ 46 ಪಂದ್ಯ. ಕಪ್‌ಗಳು ಬೇರೆ. ಮಂಗಳವಾರ ರಾತ್ರಿ ಕಾರ್ಲೈಲ್‌ನಂಥ ಊರಿಗೆ ಬಸ್ಸಲ್ಲಿ ಐದಾರು ಗಂಟೆ ಹೋಗಿ, ಆಡಿ, ಬೆಳಗಿನ ಜಾವ ಮನೆಗೆ.

558 ಅನ್ನು 18ರಿಂದ ಭಾಗಿಸಿ. ವರ್ಷಕ್ಕೆ 31. ಅಂದರೆ ಐವತ್ತರ ಹತ್ತಿರದ ಪಂದ್ಯಗಳಲ್ಲಿ ಮೂರರಲ್ಲೊಂದು ಭಾಗ ಅವನು ಆಡಲಿಲ್ಲ. ಗಾಯ, ಬೆಂಚು, ಇನ್ನೊಬ್ಬ ಹುಡುಗ ಚೆನ್ನಾಗಿ ಆಡುತ್ತಿರುವುದು. ಹೊರಗೆ ಕೂತ ಆ ದಿನಗಳಲ್ಲಿ ಮುಖ ಸೊಟ್ಟ ಮಾಡದೆ ಅಭ್ಯಾಸಕ್ಕೆ ಬರುವವನನ್ನೇ ಮ್ಯಾನೇಜರ್‌ಗಳು ಮೇ ತಿಂಗಳಲ್ಲಿ ನೆನಪಿಟ್ಟುಕೊಳ್ಳುತ್ತಾರೆ. ಕಾಲ್ಚಳಕಕ್ಕಿಂತ ಇದು ಜಾಸ್ತಿ ವರ್ಷ ಸಂಬಳ ಕೊಡಿಸಿದೆ.

"ಅಷ್ಟು ಒಳ್ಳೆಯವನಾದರೆ ದೊಡ್ಡ ಕ್ಲಬ್ಬು ಯಾಕೆ ಒಯ್ಯಲಿಲ್ಲ?" ಅಂತ ನೀವು ಕೇಳಬಹುದು. ಒಯ್ಯುವುದಾದರೆ ಚಿಕ್ಕ ವಯಸ್ಸಲ್ಲೇ ಒಯ್ಯುತ್ತಾರೆ. ಮಿಲ್ಟನ್ ಕೀನ್ಸ್ ಡಾನ್ಸ್‌ನ ಮಿಡ್‌ಫೀಲ್ಡರ್ ಡೆಲೆ ಅಲಿ 18ಕ್ಕೇ 50 ಲಕ್ಷ ಪೌಂಡಿಗೆ ಟಾಟನ್‌ಹ್ಯಾಮ್ ಪಾಲಾದ. ವಿಕಂಬ್‌ನದ್ದೇ ಹುಡುಗ ಜಾರ್ಡನ್ ಐಬ್ 15ಕ್ಕೆ ಮೊದಲ ತಂಡಕ್ಕೆ ಆಡಿ ಗೋಲು ಹೊಡೆದ, 2011ರ ಕೊನೆಗೆ ಲಿವರ್‌ಪೂಲ್‌ನಲ್ಲಿದ್ದ. 23 ದಾಟಿದ, ಸ್ಥಿರವಾಗಿ ಆಡುವ, ಆದರೆ ಕಣ್ಣು ಕೋರೈಸದ ಮಿಡ್‌ಫೀಲ್ಡರ್‌ಗೆ ಮೇಲಿನವರು ದುಡ್ಡು ಹಾಕುವುದು ತೀರಾ ಅಪರೂಪ. ಅದೇ ಕೆಲಸಕ್ಕೆ ಅವರಿಗೆ ಇಡೀ ಯುರೋಪೇ ಮಾರ್ಕೆಟ್ಟು. ಐಬ್ ಹೋದ ಮರುವರ್ಷ ವಿಕಂಬ್ ಖರ್ಚು ತಾಳಲಾರದೆ ತನ್ನ ಅಕಾಡೆಮಿಯನ್ನೇ ಮುಚ್ಚಿತು. ಆಗ ಅಭಿಮಾನಿಗಳ ಟ್ರಸ್ಟೇ ಕ್ಲಬ್ಬಿನ ಒಡೆಯ. ಹುಡುಗರನ್ನು ಬೆಳೆಸೋದಕ್ಕಿಂತ ಬೇರೆಯವರು ಬಿಟ್ಟವರನ್ನು ಎತ್ತಿಕೊಳ್ಳೋದು ಅವರಿಗೆ ಅಗ್ಗವಾಗಿತ್ತು. ನಿಮ್ಮ ಮಗನ ಕ್ಲಬ್ಬಿನ ಅಕಾಡೆಮಿಯೂ ಬಜೆಟ್ಟಿನ ಒಂದು ಸಾಲು ಅಷ್ಟೇ, ನೆನಪಿರಲಿ.

ಸಂಸಾರದ ಪ್ರಶ್ನೆಗೆ ಬರುತ್ತೇನೆ. ಕೆಳ ಲೀಗಿನ ಸಂಬಳಗಳನ್ನು ಕ್ಲಬ್ಬುಗಳು ಹೊರಗೆ ಹೇಳುವುದಿಲ್ಲ. ಆದರೆ ಒಂದು ಕಿಂಡಿ ಇದೆ. 2020ರ ಆಗಸ್ಟ್‌ನಲ್ಲಿ ಕೋವಿಡ್ ಹೊಡೆತಕ್ಕೆ ಹೆದರಿ ಕ್ಲಬ್ಬುಗಳು ಸಂಬಳಕ್ಕೆ ಮಿತಿ ಹಾಕಿಕೊಂಡವು. ಲೀಗ್ ಒನ್, ಅಂದರೆ ಮೂರನೇ ಹಂತದ ಕ್ಲಬ್ಬಿಗೆ ವರ್ಷಕ್ಕೆ 25 ಲಕ್ಷ ಪೌಂಡ್, ಲೀಗ್ ಟೂ, ಅಂದರೆ ನಾಲ್ಕನೇ ಹಂತದ ಕ್ಲಬ್ಬಿಗೆ 15 ಲಕ್ಷ. ಆಟಗಾರರ ಸಂಘ ಪಿಎಫ್‌ಎ ತಕರಾರು ತೆಗೆದು 2021ರ ಫೆಬ್ರವರಿಯಲ್ಲಿ ಅದನ್ನು ರದ್ದು ಮಾಡಿಸಿತು. ಆದರೂ ಆ ಅಂಕಿಯಿಂದ ಒಂದು ಅಂದಾಜು ಸಿಗುತ್ತದೆ. 15 ಲಕ್ಷವನ್ನು 22 ಜನಕ್ಕೆ ಹಂಚಿದರೆ ತಲೆಗೆ 68 ಸಾವಿರ. ಬೋನಸ್ಸು, ಏಜೆಂಟ್ ಫೀಸು ಎಲ್ಲ ಅದರೊಳಗೇ. ಅಂದರೆ ಕೈಗೆ ಬರುವುದು ಇನ್ನೂ ಕಡಿಮೆ. ಸಂಸಾರ ನಡೆಯುತ್ತದೆ, ಚೆನ್ನಾಗಿಯೇ ನಡೆಯುತ್ತದೆ. ಆದರೆ ಒಬ್ಬ ಸಾಫ್ಟ್‌ವೇರ್ ಇಂಜಿನಿಯರ್‌ನ ಸಂಬಳ 35ಕ್ಕೆ ನಿಂತುಹೋದರೆ ಹೇಗೆ? ಲೆಕ್ಕ ಹಾಗೆ ಹಾಕಬೇಕು. 35ಕ್ಕೆ ಸಾಲ ತೀರಿದ ಮನೆ ಮತ್ತು ಕೈಯಲ್ಲಿ ಇನ್ನೊಂದು ಕಸುಬು ಇದ್ದರೆ ಗೆದ್ದ ಹಾಗೆ. ಪಿಎಫ್‌ಎ ತನ್ನ ಸದಸ್ಯರ ಓದಿಗೆ, ಕೋಚಿಂಗ್ ಕೋರ್ಸುಗಳಿಗೆ ನೆರವು ಕೊಡುತ್ತದೆ. ಅದನ್ನು ಆಡುವಾಗಲೇ ಬಳಸಿಕೊಳ್ಳಬೇಕು.

ದೂರದ ದೇಶಗಳೂ ಒಂದು ದಾರಿ. ಬೆಂಗಳೂರು ಎಫ್‌ಸಿಯ ಮೊದಲ ಕೋಚ್ ಆಶ್ಲಿ ವೆಸ್ಟ್‌ವುಡ್ ನೆನಪಿದ್ದಾರಾ? 2013ರಲ್ಲಿ ಬಂದು ಮೊದಲ ವರ್ಷವೇ ಐ-ಲೀಗ್ ಗೆಲ್ಲಿಸಿದವರು. ಆಡುವಾಗ ಅವರು ಕ್ರೂ, ಬ್ರಾಡ್‌ಫರ್ಡ್, ನಾರ್ತಾಂಪ್ಟನ್, ರೆಕ್ಸ್‌ಹ್ಯಾಮ್ ಅಂತ ಊರೂರು ಸುತ್ತಿದ ಡಿಫೆಂಡರ್. ಅವರ ತಂಡದ ಜಾನ್ ಜಾನ್ಸನ್ ನಾರ್ತಾಂಪ್ಟನ್‌ನಿಂದಲೇ ಬೆಂಗಳೂರಿಗೆ ಬಂದವರು. ಕಂಠೀರವದಲ್ಲಿ ನಾವು ಕೂಗಿ ಹುರಿದುಂಬಿಸಿದ್ದು ಕೆಳ ಲೀಗಿನ ಕಸುಬುದಾರರನ್ನೇ. ಈ ಕಡೆಯಿಂದ ಆ ಕಡೆಗೂ ಒಬ್ಬ ಹೋಗಿದ್ದ. ಬೈಚುಂಗ್ ಭುಟಿಯಾ 1999ರಲ್ಲಿ ಇಂಗ್ಲೆಂಡಿನ ‘ಬರಿ’ (Bury) ಎಂಬ ಕ್ಲಬ್ಬಿಗೆ ಸೇರಿದ. ಆ ಕ್ಲಬ್ಬನ್ನು 2019ರಲ್ಲಿ ದುಡ್ಡಿನ ತಾಪತ್ರಯಕ್ಕೆ ಲೀಗಿನಿಂದಲೇ ಹೊರಹಾಕಿದರು. ಆಟಗಾರ ಎಷ್ಟೇ ಚೆನ್ನಾಗಿದ್ದರೂ ಕ್ಲಬ್ಬೇ ಇಲ್ಲವಾಗುವುದುಂಟು.

ವಿಕಂಬ್‌ಗೂ ಅದು ತೀರಾ ಹತ್ತಿರ ಬಂದಿತ್ತು. 2014ರ ಮೇ 3. ಕೊನೇ ದಿನ, ಕೊನೆಯಿಂದ ಎರಡನೇ ಸ್ಥಾನ. ಕೆಳಗೆ ಬಿದ್ದರೆ ವೃತ್ತಿಪರ ಲೀಗಿನಿಂದಲೇ ಹೊರಗೆ. ಟಾರ್ಕಿಯಲ್ಲಿ ತಾವು ಗೆಲ್ಲಬೇಕು, ಬೇರೆ ಕಡೆ ಬೇರೆಯವರು ಸೋಲಬೇಕು. ವಿಕಂಬ್ 3-0 ಗೆದ್ದಿತು. ಬ್ರಿಸ್ಟಲ್ ರೋವರ್ಸ್ ತನ್ನ ಮನೆಯಲ್ಲೇ ಮ್ಯಾನ್ಸ್‌ಫೀಲ್ಡ್‌ಗೆ 1-0 ಸೋತಿತು. ಇಬ್ಬರಿಗೂ 50 ಅಂಕ, ಗೋಲುಗಳ ಅಂತರದಲ್ಲಿ ವಿಕಂಬ್ ಬಚಾವು. ಮರುವರ್ಷ ಅದೇ ಕ್ಲಬ್ಬು ವೆಂಬ್ಲಿಯ ಪ್ಲೇಆಫ್ (ಮೇಲಿನ ಹಂತದ ಕೊನೆಯ ಜಾಗಕ್ಕಾಗಿ ಋತುವಿನ ಕೊನೆಗೆ ಆಡುವ ಪಂದ್ಯಗಳು) ಫೈನಲ್‌ನಲ್ಲಿತ್ತು. ಹೆಚ್ಚುವರಿ ಆಟದ ಕೊನೇ ಗಳಿಗೆಯಲ್ಲಿ ಸೌತೆಂಡ್ ಸಮ ಮಾಡಿ ಪೆನಾಲ್ಟಿಯಲ್ಲಿ ಗೆದ್ದುಕೊಂಡು ಹೋಯಿತು.

2020ರದ್ದು ಇನ್ನೂ ವಿಚಿತ್ರ. ಕೋವಿಡ್‌ಗೆ ಋತು ಅರ್ಧಕ್ಕೆ ನಿಂತಾಗ ವಿಕಂಬ್ ಲೀಗ್ ಒನ್‌ನಲ್ಲಿ ಎಂಟನೆಯದು. ಉಳಿದವರಲ್ಲಿ ಹೆಚ್ಚಿನವರು 35 ಪಂದ್ಯ ಆಡಿದ್ದರೆ ಇವರು 34. ಪಂದ್ಯಕ್ಕೆ ಸರಾಸರಿ ಎಷ್ಟು ಅಂಕ ಅಂತ ಲೆಕ್ಕ ಹಾಕಿ ಪಟ್ಟಿ ಮಾಡಿದರು. 59 ಅಂಕಕ್ಕೆ 34 ಪಂದ್ಯ, 1.74. ಎಂಟರಿಂದ ನೇರ ಮೂರಕ್ಕೆ ಜಿಗಿದರು! ಅಷ್ಟೇ 59 ಅಂಕ 35 ಪಂದ್ಯದಲ್ಲಿ ಗಳಿಸಿದ್ದ ಪೀಟರ್‌ಬರೋ ಪ್ಲೇಆಫ್‌ನಿಂದಲೇ ಆಚೆ. ಅವರ ಹೊಟ್ಟೆ ಇನ್ನೂ ಉರಿಯುತ್ತಿರಬಹುದು. ಜುಲೈ 13ರಂದು ಪ್ರೇಕ್ಷಕರೇ ಇಲ್ಲದ ವೆಂಬ್ಲಿಯಲ್ಲಿ ಆಕ್ಸ್‌ಫರ್ಡ್ ವಿರುದ್ಧ 2-1. ವಿಕಂಬ್ ತನ್ನ ಇತಿಹಾಸದಲ್ಲೇ ಮೊದಲ ಸಲ ಎರಡನೇ ಹಂತಕ್ಕೆ. ಬ್ಲೂಮ್‌ಫೀಲ್ಡ್‌ಗೆ ಆಗ 36. 19ರಲ್ಲಿ ಪುಕ್ಕಟೆ ಬಂದವನು ಕ್ಲಬ್ಬು ತನ್ನ ಎತ್ತರಕ್ಕೆ ಬರುವ ತನಕ ಕಾದು ಕೂತ ಹಾಗಿತ್ತು. ಮರುವರ್ಷ ಒಂದೇ ಅಂಕದಿಂದ ವಾಪಸ್ ಕೆಳಗೆ.

ಆಟ ಮುಗಿದದ್ದು ತಲೆಯ ಪೆಟ್ಟಿನಿಂದ. 2021ರ ಆಗಸ್ಟ್‌ನಲ್ಲಿ ಕನ್‌ಕಷನ್ ಆಯಿತು. ಮತ್ತೆ ಮೈದಾನಕ್ಕೆ ಬರಲಿಲ್ಲ. 2022ರ ಆರಂಭದಲ್ಲಿ ವೈದ್ಯರ ಸಲಹೆಯಂತೆ ನಿವೃತ್ತಿ ಹೇಳಿದ. ಇದನ್ನು ಸ್ವಲ್ಪ ನಿಧಾನವಾಗಿ ಓದಿ. 2019ರಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯದ ಅಧ್ಯಯನ ಸ್ಕಾಟ್ಲೆಂಡಿನ ಮಾಜಿ ವೃತ್ತಿಪರ ಆಟಗಾರರ ಸಾವಿನ ದಾಖಲೆ ನೋಡಿತು. ಮಿದುಳು ಕ್ಷೀಣಿಸುವ ಕಾಯಿಲೆಗಳಿಂದ ಸಾಯುವ ಸಂಭವ ಬೇರೆಯವರಿಗಿಂತ ಅವರಲ್ಲಿ ಮೂರೂವರೆ ಪಟ್ಟು ಇತ್ತು. ಅವರೆಲ್ಲ ಹಳೇ ಕಾಲದವರು, ನಿಜ. ಆದರೂ 2021ರಿಂದ ಇಂಗ್ಲೆಂಡಿನ ವೃತ್ತಿಪರ ಕ್ಲಬ್ಬುಗಳಿಗೆ ಅಭ್ಯಾಸದಲ್ಲಿ ಜೋರಿನ ಹೆಡರ್ ವಾರಕ್ಕೆ ಹತ್ತು ಮೀರಬಾರದು ಎಂಬ ಸಲಹೆ ಇದೆ. ಸೆಕೆಂಡ್ ಬಾಲ್‌ಗಾಗಿ ನುಗ್ಗುವ ಮಿಡ್‌ಫೀಲ್ಡರ್‌ಗೆ ಚೆಂಡಿಗಿಂತ ಇನ್ನೊಬ್ಬನ ತಲೆ, ಮೊಣಕೈ ಜಾಸ್ತಿ ಅಪಾಯ. ನಿಮ್ಮ ಮಗನ ಕ್ಲಬ್ಬಿನಲ್ಲಿ ಹುಡುಗನ ತಲೆಗೆ ಪೆಟ್ಟು ಬಿದ್ದರೆ ಯಾರು ನೋಡುತ್ತಾರೆ, ಎಷ್ಟು ದಿನ ಆಡಿಸುವುದಿಲ್ಲ, ಮತ್ತೆ ಆಡಬಹುದು ಅಂತ ಹೇಳುವವರು ಯಾರು? ನಾಳೆಯೇ ಕೇಳಿ. ತಡವರಿಸಿದರೆ ನನಗೆ ಆ ಕ್ಲಬ್ಬಿನ ಬಗ್ಗೆ ಇನ್ನೇನೂ ಕೇಳಬೇಕಾಗಿಲ್ಲ.

ಆಮೇಲೆ ಅವನು ಕೋಚ್ ಆದ. 2022ರ ಶರತ್ಕಾಲದಲ್ಲಿ ಕೋಲ್‌ಚೆಸ್ಟರ್, 2023ರ ಫೆಬ್ರವರಿಯಲ್ಲಿ ವಾಪಸ್ ವಿಕಂಬ್‌ಗೇ ಮ್ಯಾನೇಜರ್ ಆಗಿ, 2025ರ ಜನವರಿಯಲ್ಲಿ ಲೂಟನ್. ಲೂಟನ್ ಆ ಋತುವಿನಲ್ಲಿ ಕೆಳಗೆ ಬಿತ್ತು, ಅಕ್ಟೋಬರ್‌ನಲ್ಲಿ ಕೆಲಸದಿಂದ ತೆಗೆದರು. ಆಟಗಾರನಾಗಿ 18 ವರ್ಷ ಒಂದು ಕಡೆ ನಿಂತವನಿಗೆ ಮ್ಯಾನೇಜರ್ ಆಗಿ ಲೂಟನ್‌ನಲ್ಲಿ ಸಿಕ್ಕಿದ್ದು ಒಂಬತ್ತು ತಿಂಗಳೂ ಇಲ್ಲ. ಆ ಕುರ್ಚಿ ಹಾಗೇ.

ನಿಮ್ಮ ಮಗನ ಮುಂದಿನ ಮೆಟ್ಟಿಲು 16ಕ್ಕೆ ಬರುವ ಎರಡು ವರ್ಷದ ಸ್ಕಾಲರ್‌ಶಿಪ್. ಆಟದ ಜೊತೆ ಓದು ಅದರ ಭಾಗ. ವೃತ್ತಿಪರ ಕರಾರು ಸಿಗುತ್ತದೋ ಇಲ್ಲವೋ ಅನ್ನುವುದು 18ಕ್ಕೆ ಗೊತ್ತಾಗುತ್ತದೆ. ಹೆಚ್ಚಿನ ಹುಡುಗರಿಗೆ ಸಿಗುವುದಿಲ್ಲ. ಆ ಓದನ್ನು ಕಾಟಾಚಾರಕ್ಕೆ ಮಾಡಲು ಬಿಡಬೇಡಿ, ಅಷ್ಟು ಸಾಕು.

ಅದಕ್ಕೂ ಮೊದಲು ಒಂದು ಕೆಲಸ ಮಾಡಿ. ಯಾವುದಾದರೂ ಮಂಗಳವಾರ ರಾತ್ರಿ ಅವನನ್ನು ಆಡಮ್ಸ್ ಪಾರ್ಕ್‌ಗೆ ಕರೆದುಕೊಂಡು ಹೋಗಿ. ಚೆಂಡು ನೋಡಬೇಡ, ಮಧ್ಯದಲ್ಲಿ ಆಡುವ ಒಬ್ಬನನ್ನು ಮಾತ್ರ ಇಪ್ಪತ್ತು ನಿಮಿಷ ನೋಡು ಅನ್ನಿ. ಐದು ನಿಮಿಷಕ್ಕೆ ಫೋನ್ ತೆಗೆದರೆ ಒಂದು ಉತ್ತರ. ಇಪ್ಪತ್ತು ನಿಮಿಷ ಆದಮೇಲೂ ಮಾತಾಡದೆ ನೋಡುತ್ತಿದ್ದರೆ ಇನ್ನೊಂದು. ಕಾರು ಮಾತ್ರ ದೂರದಲ್ಲೇ ನಿಲ್ಲಿಸಿ ನಡೆದು ಹೋಗಿ. ಹೋಗೋಕೂ ಬರೋಕೂ ಅದೊಂದೇ ರಸ್ತೆ, ಪಂದ್ಯ ಬಿಟ್ಟ ಮೇಲೆ ಟೈರ್ ಅಂಗಡಿ ದಾಟೋಕೇ ಅರ್ಧ ಗಂಟೆ ಹಿಡಿಯುತ್ತದೆ.